ಕಾಗದದ ಗೋಡೆ, ಜಾರುವ ಬಾಗಿಲು

ಬಾಗಿಲು ಎಂದೊಡನೆ ನಮ್ಮ ಕಣ್ಣೆದುರು ಬರುವುದು ಎರಡು ಕದ, ಚಿಲಕ, ಅಗುಳಿ. ಜಪಾನಿನ ಕ್ಯೋಟೋ ನಗರದ ಹಳೆಯ ಮರದ ಮನೆಗೆ ನೀವು ಹೋದರೆ ಒಳಕೋಣೆಗಳಲ್ಲಿ ಇವನ್ನು ಹುಡುಕಬೇಕಾದೀತು. ಚಪ್ಪಲಿ ಕಳಚಿಟ್ಟು (ಇದೊಂದು ನಮ್ಮ ಹಾಗೇ!) ಚಾಪೆ ಹಾಸಿದ ಕೋಣೆಗೆ ಕಾಲಿಟ್ಟರೆ ಸುತ್ತಲೂ ಕಾಗದ. ಅಯ್ಯೋ, ಇದರೊಳಗೆ ಸಂಸಾರ ಹೇಗಪ್ಪಾ ಮಾಡುತ್ತಾರೆ ಅಂತ ನಿಮಗೆ ಅನ್ನಿಸದೆ ಇರದು.

ಬೆಳಕು ಬರುವ ಕಡೆ ಇರುವುದು ಶೋಜಿ. ತೆಳ್ಳನೆಯ ಮರದ ಪಟ್ಟಿಗಳ ಜಾಲರಿ, ಅದರ ಹೊರಮೈಗೆ ಅಂಟಿಸಿದ ಬಿಳಿ ಕಾಗದ. ನಮ್ಮ ರೇಷ್ಮೆಹುಳು ತಿನ್ನುವ ಹಿಪ್ಪುನೇರಳೆಯ ಬಂಧುವಾದ ಕೋಜೋ ಗಿಡದ ನಾರಿನಿಂದ ಮಾಡುವ ಕಾಗದ ಅದು. ಸುಡುಬಿಸಿಲೂ ಅದನ್ನು ದಾಟಿ ಬರುವಾಗ ಮೆತ್ತಗಾಗಿ ಕೋಣೆ ತುಂಬಾ ಹರಡುತ್ತದೆ. ಕೋಣೆ ಕೋಣೆಗಳ ನಡುವೆ ಇರುವುದು ಫುಸುಮ. ಎರಡೂ ಮಗ್ಗುಲಿಗೆ ದಪ್ಪ ಕಾಗದವೋ ಬಟ್ಟೆಯೋ, ಬೆರಳು ಸಿಗಿಸಲು ಒಂದು ಗುಳಿ, ಅಷ್ಟೇ. ಮೇಲೂ ಕೆಳಗೂ ತೋಡಿನಲ್ಲಿ ಜಾರುವುದರಿಂದ ಸ್ವಲ್ಪ ಎತ್ತಿದರೆ ಕಳಚಿಯೇ ಬರುತ್ತದೆ. ನಾಲ್ಕು ಜನ ಬಂದರೆ ಫುಸುಮ ತೆಗೆದು ಗೋಡೆಗೆ ಒರಗಿಸಿ. ಎರಡು ಕೋಣೆ ಸೇರಿ ಹಜಾರ! ಕೆಳಗಿನ ತೋಡುಪಟ್ಟಿಯನ್ನು ಮಾತ್ರ ತುಳಿಯಬಾರದು. ಹೊಸ್ತಿಲು ತುಳಿದಾಗ ನಮ್ಮ ಅಜ್ಜಿಯರು ಗದರುತ್ತಿದ್ದಂತೆ ಅಲ್ಲಿನ ಅಜ್ಜಿಯರೂ ಗದರುತ್ತಾರೆ.

ಇದೇ ಫುಸುಮದ ವೈಭವ ನೋಡಬೇಕೆಂದರೆ 1603ರಲ್ಲಿ ಕಟ್ಟಿದ ನಿಜೋ ಕೋಟೆಗೆ ಹೋಗಬೇಕು. ಕಾನೋ ಮನೆತನದ ಚಿತ್ರಕಾರರು ಚಿನ್ನದ ಹಿನ್ನೆಲೆಯಲ್ಲಿ ಪೈನ್ ಮರ, ಹುಲಿಗಳನ್ನು ಬರೆದಿದ್ದಾರೆ. ಜೀವಂತ ಹುಲಿಯನ್ನು ಕಾಣದೆ, ಚರ್ಮ ನೋಡಿ ಬರೆದ ಹುಲಿಗಳಂತೆ! ನನಗಂತೂ ಅವು ಕೊಬ್ಬಿದ ಬೆಕ್ಕುಗಳ ಹಾಗೆ ಮುದ್ದಾಗಿ ಕಂಡವು.

ಆದರೆ ಕಾಗದದ ಗೋಡೆಗೆ ಗುಟ್ಟು ನಿಲ್ಲುವುದಿಲ್ಲ. ಪಕ್ಕದ ಕೋಣೆಯ ಪಿಸುಮಾತು, ಅಳು ಎಲ್ಲಾ ಕೇಳುತ್ತದೆ. ಕೇಳಿಸಿದರೂ ಕೇಳಿಸದಂತೆ ಇರುವುದೇ ಅಲ್ಲಿ ಮನೆಯ ಮರ್ಯಾದೆ. ಹೇಳುವುದು ಸುಲಭ, ಅಂಥ ಮನೆಗೆ ಹೊಸದಾಗಿ ಬಂದ ಸೊಸೆಗೆ ಏನನ್ನಿಸುತ್ತಿತ್ತೋ, ತುಂಬಿದ ಮನೆಯಲ್ಲಿ ಬಾಳಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕೆಲಸವೂ ಕಮ್ಮಿಯಿಲ್ಲ. ಹೊಸವರ್ಷದ ಮುಂಚೆ ಶೋಜಿಯ ಕಾಗದ ಬದಲಿಸುವುದು ಹಳೆಯ ರೂಢಿ. ಹೇಗಿದ್ದರೂ ಹರಿಯುವ ಕಾಗದ ತಾನೇ, ಅಂದು ಬೆರಳು ತೂರಿಸಿ ತೂತು ಮಾಡಲು ಮಕ್ಕಳಿಗೆ ಪರವಾನಗಿ! ಪಟ್ಟಿಗಳ ಮೇಲೆ ನೀರು ಸವರಿ, ಅಂಟು ನೆನೆದ ಮೇಲೆ ಒಂದು ತುದಿಯಿಂದ ಸುಲಿಯುತ್ತಾರೆ. ಜಾಲರಿ ತೊಳೆದು, ನೆರಳಲ್ಲಿ ಒಣಗಿಸಿ, ಗಂಜಿಯಂಥ ಸರಿ ಹಚ್ಚಿ ಹೊಸ ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಅಂಟಿಸುತ್ತಾರೆ. ಹೆಂಚು ಹೊದಿಸಿದಂತೆ ಮೇಲಿನದು ಕೆಳಗಿನದರ ಮೇಲೆ ಕೂತರೆ ಸಂದಿನಲ್ಲಿ ದೂಳು ನಿಲ್ಲದು. ಒಣಗಿದ ಮೇಲೆ ನೀರು ಚಿಮುಕಿಸಿದರೆ ಸುಕ್ಕೆಲ್ಲ ಬಿಗಿದು ತಮಟೆಯಂತಾಗುತ್ತದೆ. ನಡುವೆ ಎಲ್ಲಾದರೂ ಹರಿದರೆ ಹೂವಿನಾಕಾರದ ಚೂರು ಕತ್ತರಿಸಿ ತೇಪೆ ಹಾಕುತ್ತಾರೆ. ಬೇಸಿಗೆಗೆ ಈ ಬಾಗಿಲುಗಳನ್ನೇ ತೆಗೆದಿಟ್ಟು, ಗಾಳಿಯಾಡುವ ಜೊಂಡಿನ ಬಾಗಿಲು ಕೂರಿಸುವ ಮನೆಗಳೂ ಉಂಟು.

ಇಂಥ ಮನೆಗಳು ಕರಗುತ್ತಿವೆ. 2016ರ ಎಣಿಕೆಯಲ್ಲಿ ಕ್ಯೋಟೋದಲ್ಲಿ ಉಳಿದಿದ್ದದ್ದು ಸುಮಾರು 40,000. ವರ್ಷವರ್ಷವೂ ಕೆಲವನ್ನು ಕೆಡವುತ್ತಾರೆ. ತೆರಿಗೆ, ರಿಪೇರಿ ಖರ್ಚು, ಚಳಿಗಾಲದ ಕೊರೆತ, ಅವರನ್ನೂ ದೂರುವಂತಿಲ್ಲ.

ನಮ್ಮ ಮನೆಗೆ ಒಪ್ಪುತ್ತದೆಯೇ ಅಂತೀರಾ? ಮಳೆಯ ಇರಚಲು ಹೊಡೆಯುವ ಕಡೆಗೆ ಕಾಗದ ಬೇಡವೇ ಬೇಡ. ನಡುಮನೆಗೂ ಊಟದ ಜಾಗಕ್ಕೂ ಮಧ್ಯೆ, ಕದ ತೆರೆಯಲು ಎಡೆಯಿಲ್ಲದ ಕಡೆ, ಹಾಸಿಗೆ ಜೋಡಿಸಿಡುವ ಗೂಡಿಗೆ ಜಾರುಬಾಗಿಲು ಬಹಳ ಅನುಕೂಲ. ಅಲ್ಲಿಯೂ ಹಾಸಿಗೆ ಮಡಿಸಿಡುವ ಗೂಡಿಗೆ ಇರುವುದು ಫುಸುಮವೇ. ಕಾಗದದ ಬದಲು ತೆಳ್ಳನೆಯ ಖಾದಿ ಬಟ್ಟೆ ಬಿಗಿದರೆ ಒಗೆಯಲೂ ಬರುತ್ತದೆ. ಒಳ್ಳೆಯ ಒಣಮರವನ್ನೇ ಆರಿಸಿ. ಹಸಿಮರ ಮಳೆಗಾಲಕ್ಕೆ ಉಬ್ಬಿ ಕೂತುಬಿಡುತ್ತದೆ. ಬಾಗಿಲು ಬಿಗಿಯಾದರೆ ಎಣ್ಣೆ ಬಿಡಬೇಡಿ, ದೂಳು ಮೆತ್ತಿಕೊಳ್ಳುತ್ತದೆ. ತೋಡು ಒರೆಸಿ, ಉರಿದುಳಿದ ಮೇಣದಬತ್ತಿಯ ತುಂಡಿನಿಂದ ಉಜ್ಜಿ. ಅಲ್ಲಿನ ಹೆಂಗಸರೂ ಹಾಗೆಯೇ ಮಾಡುತ್ತಾರೆ.