ಟೀ ಬಣ್ಣದ ಆಯಿಲ್

"ಬಿಚ್ಚಿ ನೋಡೋದೇ ಬೇಡ ಭಾಯ್, ಬೇರೆ ತಂದು ಕೂರಿಸಿಬಿಡಿ" ಅಂದೆ.

ಮೆಕ್ಯಾನಿಕ್ ನನ್ನ ಮುಖ ನೋಡಿದರು. ನನ್ನ ಹಳೇ ಮಹೀಂದ್ರ ಕಮಾಂಡರನ್ನು ಮುರುಗಮಲ್ಲದಿಂದ ಚಿಂತಾಮಣಿಯ ಶೆಡ್ಡಿಗೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದೆವು. ಕೆಎ-07 ನಂಬರು, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲಿನ, ಕೋಲಾರದ ಕಾಲದ್ದು. ಹಿಂದಿನ ಸೀಟು ಕಿತ್ತು ಟೊಮೆಟೊ ಬಾಕ್ಸ್ ಹೇರುವ ಗಾಡಿ. ಹೋಗಿದ್ದು ಟ್ರಾನ್ಸ್‌ಫರ್ ಕೇಸ್, ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಗೇರಿನ ಡಬ್ಬ. ರಿಪೇರಿಗೆ 18 ಸಾವಿರ, ಬೆಂಗಳೂರು ಶಿವಾಜಿನಗರದ ಗುಜರಿಯಿಂದ ಇನ್ನೊಂದು ತಂದರೆ 25 ಸಾವಿರ ಅಂತ ಅವರು ಲೆಕ್ಕ ಹೇಳಿದ್ದರು. ಒಂದು ಟೀಗೂ ಚೌಕಾಸಿ ಮಾಡುವ ನಾನು 25ಕ್ಕೇ ಕೈ ಎತ್ತಿದೆ.

ಕಾರಣಗಳೇನೂ ಕಡಿಮೆ ಇರಲಿಲ್ಲ. ಕಾಯಿ ಹಣ್ಣಾಗುತ್ತಿದೆ, ಮಂಡಿ ಕಾಯೋದಿಲ್ಲ ಅಂದೆ. 2022ರ ಏಪ್ರಿಲ್‌ನಿಂದ ಹಳೇ ಗಾಡಿಯ ಮರುನೋಂದಣಿ ಶುಲ್ಕ 600ರಿಂದ 5000 ಆಯ್ತು, ಅದನ್ನೂ ಕಟ್ಟಿದವನಿಗೆ ಇದೇನು ಮಹಾ ಅಂದೆ. ನಿಜವಾದ ಕಾರಣ ಬೇರೆ ಇತ್ತು. ಹಳೇ ಡಬ್ಬ ಬಿಚ್ಚದೇ ತೂಕಕ್ಕೆ ಹೋಗಲಿ ಅನ್ನೋದಷ್ಟೇ ನನಗೆ ಬೇಕಿತ್ತು.

ಗಾಡಿ ಓಡಿಸುತ್ತಿದ್ದ ಹುಡುಗ ನಮ್ಮೂರಿನವನೇ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತಲ್ಲ, ಆಗ ಕೆಲಸಕ್ಕೆ ಸೇರಿದವನು. ಟ್ರಾನ್ಸ್‌ಫರ್ ಕೇಸಿನಿಂದ ಗೊರಗೊರ ಸದ್ದು ಶುರುವಾದಾಗ ಅಂಗಡಿ ಮುಂದೆ ನಾಲ್ಕು ಜನರ ಎದುರು ಅವನನ್ನು ಹಿಡಿದುಕೊಂಡೆ: ಟಾರ್ ರೋಡಲ್ಲಿ ಫೋರ್ ವೀಲ್ ಹಾಕಿ ಓಡಿಸಿದ್ದೀಯ, ಹಲ್ಲು ತಿಂದುಹಾಕಿದ್ದೀಯ. ಒಣ ರಸ್ತೆಯಲ್ಲಿ ಮುಂದಿನ ಚಕ್ರಕ್ಕೂ ಗೇರ್ ಕೊಟ್ಟು ಓಡಿಸಿದರೆ ಒಳಗೆ ಬಿಗಿದುಕೊಳ್ಳೋದು ನಿಜ. ಹಾಗಾಗಿ ನನ್ನ ಮಾತು ಎಲ್ಲರಿಗೂ ಸರಿ ಅನ್ನಿಸಿತು. "ಅಮ್ಮಾಜಾನ್ ಬಾವಾಜಾನ್ ಆಣೆಗೂ ನಾನು ಹಾಕಿಲ್ಲಣ್ಣ" ಅಂದ. ನಮ್ಮೂರಲ್ಲಿ ಆ ದರ್ಗಾದ ಮೇಲೆ ಯಾವ ಜಾತಿಯವರೂ ಸುಮ್ಮನೆ ಆಣೆ ಇಡೋದಿಲ್ಲ. "ಆಣೆ ಗೀಣೆ ಎಲ್ಲಾ ಬೇಡ" ಅಂದು ಮೂರು ತಿಂಗಳ ಸಂಬಳದಲ್ಲಿ ಎರಡೆರಡು ಸಾವಿರ ಹಿಡಿದೆ. ನಾಲ್ಕನೇ ತಿಂಗಳು ಅವನು ಬರಲಿಲ್ಲ.

ಭಾಯ್ ನನ್ನ ಮಾತು ಕೇಳದೆ ಕೆಳಗಿನ ಬೋಲ್ಟ್ ಬಿಚ್ಚಿ ಟ್ರೇ ಹಿಡಿದರು. ಬಿದ್ದಿದ್ದು ಎರಡು ಲೋಟದಷ್ಟು ಆಯಿಲ್, ಅದೂ ಹಾಲು ಹಾಕಿದ ಟೀ ಬಣ್ಣ. ಅದರಲ್ಲಿ ಮುರಿದ ಸೂಜಿ ಬೇರಿಂಗ್ ಚೂರುಗಳು ಮಿಣಮಿಣ ಅಂದವು. ಮಧ್ಯದ ಶಾಫ್ಟ್ ಹೊರಗೆ ಬಂದಾಗ ಅದರ ಮೈಮೇಲೆ ತುಕ್ಕು ತಿಂದ ಗುಂಡಿಗಳು. ಈ ಜೀಪಿನಲ್ಲಿ ಎರಡೇ ಚಕ್ರದಲ್ಲಿ ಹೋದರೂ ಇಂಜಿನ್ನಿನ ಭಾರವೆಲ್ಲ ಆ ಮಧ್ಯದ ಗೇರಿನ ಮೇಲೇ ಹಾದು ಹೋಗುತ್ತೆ, ಅದಕ್ಕೆ ಒಂದು ದಿನವೂ ರಜ ಇಲ್ಲ.

"ನೀರು ಹೋಗಿದೆಯಲ್ಲಣ್ಣ. ಎಲ್ಲಿ ಇಳಿಸಿದ್ರಿ?"

2021ರ ನವೆಂಬರ್. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ನಮ್ಮ ಕಡೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದಿದ್ದವು. ಸಾವಿರ ಅಡಿ ಬೋರ್ ಹಾಕಿಸಿಯೂ ಬರೀ ಧೂಳು ಕಂಡ ಜನ ನಾವು, ಮಕ್ಕಳು ಮರಿ ಕಟ್ಟಿಕೊಂಡು ಕೋಡಿ ನೋಡಲು ಹೋಗಿದ್ದೆವು. ಮೊಬೈಲ್ ಹಿಡಿದವರ ಮುಂದೆ ಚಿಕ್ಕ ಲಿವರ್ ಎರಡನ್ನೂ ಎಳೆದು, ಬಾಗಿಲ ಮಟ್ಟದ ನೀರಿನಲ್ಲಿ ಜೀಪು ದಾಟಿಸಿದವನು ನಾನೇ. ಒಂದಲ್ಲ, ಮೂರು ಸಲ. ಶಿಳ್ಳೆ ಬಿದ್ದಿದ್ದವು. ನೀರಿಗಿಳಿದ ಮೇಲೆ ಆಯಿಲ್ ಬದಲಿಸಬೇಕು ಅನ್ನೋದು ನನಗೆ ಗೊತ್ತಿತ್ತು. ಗೇರ್‌ಬಾಕ್ಸಿಗೆ ಹಾಕಿಸಿದೆ, ಅದರ ಬೆನ್ನಿಗಿರುವ ಈ ಡಬ್ಬಕ್ಕೆ ಬೇರೆಯೇ ಆಯಿಲ್, ಬೇರೆಯೇ ಬೋಲ್ಟ್, ಆಮೇಲೆ ನೋಡೋಣ ಅಂದುಕೊಂಡೆ. ಸೀಲ್ ಸೋರಿ ಕೊಟ್ಟಿಗೆಯ ನೆಲ ಕಪ್ಪಾದಾಗ ಕೆಳಗೊಂದು ಗೋಣಿಚೀಲ ಹಾಸಿದೆ. ಹುಡುಗ ಬರುವ ಹೊತ್ತಿಗೆ ಆ ಚೀಲವೇ ಎರಡು ಸಲ ಬದಲಾಗಿತ್ತು.

ಅವನನ್ನು ಬೈಯುವಾಗ ಇದೆಲ್ಲ ಮರೆತಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಬಾಯಿ ಒಂದು ಹೇಳುತ್ತಿದ್ದಾಗ ಕಣ್ಣ ಮುಂದೆ ಆ ಗೋಣಿಚೀಲವೇ ಇತ್ತು. ಅದಕ್ಕೇ ಅಷ್ಟು ಜೋರು ಮಾಡಿದೆನೋ ಏನೋ.

"ಬಾಡಿ ಬಿರುಕು ಬಿಟ್ಟಿಲ್ಲ. ಶಾಫ್ಟು, ಗೇರು, ಬೇರಿಂಗು, ಸೀಲು ಹಾಕಿದರೆ ಓಡುತ್ತೆ. ಗುಜರಿಯದ್ದು ಎಷ್ಟು ಕೋಡಿ ಕಂಡಿದೆಯೋ ಯಾರಿಗೆ ಗೊತ್ತು" ಅಂದರು ಭಾಯ್. ರಿಪೇರಿ ಮಾಡಿ ಅಂದೆ. ಶಾಫ್ಟನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದೆ. ಯಾಕೆ ಅಂತ ಹೆಂಡತಿ ಕೇಳಿದಾಗ ಸ್ಯಾಂಪಲ್ಲಿಗೆ ಅಂದೆ.

ಮುಂದಿನ ಭಾನುವಾರ ಆರು ಸಾವಿರ ಜೇಬಲ್ಲಿಟ್ಟುಕೊಂಡು ಹುಡುಗನ ಮನೆಗೆ ಹೋದೆ. ಅವನಿರಲಿಲ್ಲ, ಬೋರ್ ಲಾರಿ ಜೊತೆ ಆಂಧ್ರದ ಕಡೆ ಹೋಗಿದ್ದಾನಂತೆ. ಅವರಮ್ಮ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದರು. ನೋಟು ಕೈಗೆ ಕೊಟ್ಟೆ.

"ಇದು ಯಾವ ದುಡ್ಡಣ್ಣ?" ಅಂದರು. ಸಂಬಳ ಹಿಡಿದದ್ದನ್ನು ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

"ಸಂಬಳ ಬಾಕಿ ಇತ್ತಮ್ಮ" ಅಂದೆ.

ಅವರು ಎದ್ದು ನನಗೆ ಟೀ ಇಟ್ಟರು.