ತಾತಾ, ನೋಡಬೇಡಿ

ನಮ್ಮ ಹನುಮಂತನಗರದಲ್ಲಿ ಸಮತಟ್ಟಾದ ಬೀದಿಗಳು ಕಡಿಮೆ. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ. ಇವೆರಡರ ಆಸುಪಾಸಿನಲ್ಲಿರುವ ಅಡ್ಡರಸ್ತೆಗಳಲ್ಲಿ ಏರು ಇಲ್ಲವೆಂದರೆ ಇಳಿಜಾರು ಇದ್ದೇ ಇರುತ್ತದೆ. ಅಂಥದೊಂದು ರಸ್ತೆಯಲ್ಲಿ ನಮ್ಮ ಮನೆ. ನಿವೃತ್ತನಾದ ಮೇಲೆ ಮೊದಲ ಮಹಡಿಯ ಬಾಲ್ಕನಿಯೇ ನನ್ನ ವಾಚನಾಲಯ. ಸಂಜೆ ಕಾಫಿಯ ಲೋಟ ಹಿಡಿದು ಅಲ್ಲಿ ಕುಳಿತರೆ ದೀಪ ಹಚ್ಚುವವರೆಗೂ ಏಳುವುದಿಲ್ಲ.

ಕಳೆದ ವಾರ ಎದುರು ಮನೆಯ ಪುಟ್ಟ ಹುಡುಗಿ ಸೈಕಲ್ ಕಲಿಯುತ್ತಿದ್ದಳು. ಎರಡನೆಯ ತರಗತಿಯ ಮಗು. ಇಳಿಜಾರಿನಲ್ಲಿ ಹತ್ತು ಮಾರು ಬರುವುದು, ಕಾಲೂರುವುದು, ಮತ್ತೆ ಸೈಕಲನ್ನು ಮೇಲಕ್ಕೆ ತಳ್ಳಿಕೊಂಡು ಹೋಗುವುದು. ನಾನು ಪತ್ರಿಕೆಯನ್ನು ತೊಡೆಯ ಮೇಲಿಟ್ಟು ನೋಡುತ್ತಿದ್ದೆ. ನಾಲ್ಕನೆಯ ಸಲ ಬಿದ್ದಳು. ಮೊಣಕಾಲಿನ ಮಣ್ಣು ಕೊಡವುವ ಮೊದಲೇ ತಲೆಯೆತ್ತಿ ನನ್ನ ಕಡೆ ನೋಡಿ ಕೂಗಿದಳು: "ತಾತಾ, ನೋಡ್ಬೇಡಿ!"

ನಾನು ಕುರ್ಚಿಯನ್ನು ಒಳಕ್ಕೆ ಎಳೆದುಕೊಂಡೆ. ನಗು ಬಂದದ್ದು ನಿಜ. ಆದರೆ ಆ ಮಾತು ನನಗೆ ಹೊಸದಾಗಿರಲಿಲ್ಲ. ಅದೇ ಮಾತನ್ನು 2019ರ ಫೆಬ್ರವರಿಯಲ್ಲಿ, ಹಿಮಾಲಯದ ಹಿಮದ ನಡುವೆ, ನನ್ನ ಸ್ವಂತ ಮಗಳ ಬಾಯಿಂದ ಕೇಳಿದ್ದೆ. ಆ ಪ್ರಸಂಗವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈ ಮಗು ಅದಕ್ಕೊಂದು ನೆಪವಾಯಿತು.

ನಾನು ನಿವೃತ್ತನಾದದ್ದು 2018ರಲ್ಲಿ. ಶಂಕರಾಚಾರ್ಯರು ಉತ್ತರದಲ್ಲಿ ಸ್ಥಾಪಿಸಿದರೆಂದು ಹೇಳುವ ಜ್ಯೋತಿರ್ಮಠವನ್ನು ನೋಡಬೇಕೆಂಬುದು ನನ್ನ ಹಳೆಯ ಆಸೆ. ಮರುವರ್ಷ ಆ ಆಸೆ ವಿಚಿತ್ರ ರೀತಿಯಲ್ಲಿ ಕೈಗೂಡಿತು. ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗಳು ಇದ್ದಕ್ಕಿದ್ದಂತೆ ಸ್ಕೀಯಿಂಗ್ ಕಲಿಯುತ್ತೇನೆಂದು ಹೊರಟಳು. ಜೋಶಿಮಠದ ಮೇಲಿರುವ ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದವರು ಏಳು ದಿನ ಮತ್ತು ಹದಿನಾಲ್ಕು ದಿನಗಳ ತರಬೇತಿ ನಡೆಸುತ್ತಾರೆ. ಅವಳು ಹದಿನಾಲ್ಕು ದಿನಗಳದಕ್ಕೆ ಸೇರಿದ್ದಳು. "ನೀವಿಬ್ಬರೂ ಕೊನೆಯ ನಾಲ್ಕು ದಿನಕ್ಕೆ ಬನ್ನಿ. ನಿಮಗೆ ಮಠ, ಅಮ್ಮನಿಗೆ ನರಸಿಂಹ ದೇವಸ್ಥಾನ, ನನಗೆ ಹಿಮ" ಎಂದಳು. ನನ್ನ ಶ್ರೀಮತಿ ಉಣ್ಣೆಯ ಟೋಪಿ, ಚಟ್ನಿಪುಡಿ, ಕೋಡುಬಳೆಗಳೊಂದಿಗೆ ಸಿದ್ಧಳಾದಳು.

ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರು ಬೆಟ್ಟದ ದಾರಿ. ದೇವಪ್ರಯಾಗದಲ್ಲಿ ಗಾಡಿ ನಿಲ್ಲಿಸಿ, ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯಾಗುವ ಸ್ಥಳವನ್ನು ಬಹಳ ಹೊತ್ತು ನೋಡುತ್ತ ನಿಂತೆ. ಅದಕ್ಕೊಂದು ಕಾರಣವಿತ್ತು, ಮುಂದೆ ಹೇಳುತ್ತೇನೆ. ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರು ಉದ್ದದ ಹಗ್ಗದ ದಾರಿ ಆಗ ನಡೆಯುತ್ತಿತ್ತು. ಅದಲ್ಲದೆ ಔಲಿಯ ಇಳಿಜಾರಿನ ಮೇಲೆಯೇ ಸುಮಾರು 800 ಮೀಟರು ಉದ್ದದ ಚೇರ್‌ಲಿಫ್ಟ್ ಒಂದಿದೆ. ತೆರೆದ ಕುರ್ಚಿ, ಮುಂದೆ ಒಂದು ಅಡ್ಡಕಂಬಿ. ಕಾಲುಗಳನ್ನು ಇಳಿಬಿಟ್ಟು ಕುಳಿತರೆ ತಂತಿಗೆ ಜೋತುಬಿದ್ದ ಕುರ್ಚಿ ನಿಧಾನವಾಗಿ ಮೇಲೇರುತ್ತದೆ. ಕೆಳಗೆ ಹಿಮದ ಮೇಲೆ ಕಲಿಯುವವರು ಇಳಿಯುತ್ತಿರುತ್ತಾರೆ, ಬೀಳುತ್ತಿರುತ್ತಾರೆ.

ಮೇಷ್ಟರ ಚಟ, ಇತಿಹಾಸ ಹೇಳದಿದ್ದರೆ ಸಮಾಧಾನವಿಲ್ಲ. ಮೊದಲ ಚೇರ್‌ಲಿಫ್ಟ್ 1936ರಲ್ಲಿ ಅಮೆರಿಕದ ಐಡಹೊ ಪ್ರಾಂತ್ಯದ ಸನ್ ವ್ಯಾಲಿಯಲ್ಲಿ ಆರಂಭವಾಯಿತು. ಅದನ್ನು ರೂಪಿಸಿದವನು ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರನ್. ಹಡಗುಗಳಿಗೆ ಬಾಳೆಗೊನೆಗಳನ್ನು ಕೊಕ್ಕೆಗೆ ನೇತುಹಾಕಿ ಸಾಗಿಸುವ ಯಂತ್ರವನ್ನು ಅವನು ಬಲ್ಲವನಾಗಿದ್ದ. ಕೊಕ್ಕೆಯ ಜಾಗದಲ್ಲಿ ಕುರ್ಚಿ, ಗೊನೆಯ ಜಾಗದಲ್ಲಿ ಮನುಷ್ಯ. ಇದನ್ನು ಹೇಳಿದಾಗ ನನ್ನ ಶ್ರೀಮತಿ, "ಹಾಗಾದರೆ ನಾವಿಬ್ಬರೂ ಎರಡು ಗೊನೆ ಅನ್ನಿ" ಎಂದಳು.

ತಲುಪಿದ ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತಿದ್ದ ಮಗಳು ಹೇಳಿದಳು: "ಅಪ್ಪಾ, ನಾಳೆ ಚೇರ್‌ಲಿಫ್ಟ್‌ನಲ್ಲಿ ಹೋಗಿ. ನಂದಾದೇವಿ ಚೆನ್ನಾಗಿ ಕಾಣತ್ತೆ. ಆದ್ರೆ ಕೆಳಗೆ ನನ್ನನ್ನ ನೋಡ್ಬೇಡಿ."

"ಯಾಕಮ್ಮ? ಮೇಲಿಂದ ಎಷ್ಟೋ ಜನ ನೋಡುತ್ತಾರಲ್ಲ?"

"ನೋಡ್ತಾರೆ. ಮೇಲಿಂದ ನೋಡೋರಲ್ಲಿ ಎರಡು ತರಹ, ಅಪ್ಪಾ. ಕಾಲಿಗೆ ಸ್ಕೀ ಕಟ್ಟಿಕೊಂಡು ಕೂತಿರೋರು, ಕೈಯಲ್ಲಿ ಮೊಬೈಲ್ ಹಿಡಿದು ಕೂತಿರೋರು. ಮೊದಲನೆಯವರಿಂದ ತೊಂದರೆ ಇಲ್ಲ. ಹತ್ತು ನಿಮಿಷದಲ್ಲಿ ಅವರೂ ಇದೇ ದಾರಿಯಲ್ಲಿ ಇಳೀಬೇಕು, ಅವರೂ ಬೀಳಬಹುದು. ಎರಡನೆಯವರು ಬೀಳೋದನ್ನ ನೋಡೋಕೇ ಬಂದಿರೋರು. ನಗ್ತಾರೆ, ವಿಡಿಯೋ ತೆಗೀತಾರೆ. ಮೊದಲ ಮೂರು ದಿನ ಬೇಜಾರಾಯ್ತು, ಆಮೇಲೆ ರೂಢಿಯಾಯ್ತು."

"ಮತ್ತೆ ನಾನು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನೀವು ಎರಡರಲ್ಲೂ ಸೇರಲ್ಲ. ನೀವು ತುಟಿ ಅಲ್ಲಾಡಿಸ್ತೀರಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ನೆನಪಿಸಿದಳು. 2001ರ ರಾಜ್ಯೋತ್ಸವ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿಯೇ ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ಅಂದು ಅವಳದೊಂದು ಭಾಷಣ. ಬರೆದುಕೊಟ್ಟವನು ನಾನು, ಬಾಯಿಪಾಠ ಮಾಡಿಸಿದವನೂ ನಾನು. ಮೊದಲ ಸಾಲಿನಲ್ಲಿ ಸಹೋದ್ಯೋಗಿಗಳ ನಡುವೆ ಕುಳಿತಿದ್ದೆ. ಅವಳು ಚೆನ್ನಾಗಿಯೇ ಆರಂಭಿಸಿ, ಅರ್ಧದಲ್ಲಿ ನಿಂತುಬಿಟ್ಟಳು. ನಿಂತವಳು ಮತ್ತೆ ಮಾತನಾಡಲಿಲ್ಲ, ಕೈಮುಗಿದು ಇಳಿದುಹೋದಳು. ಸಿದ್ಧತೆ ಸಾಲದೆಂದು ಮನೆಯಲ್ಲಿ ಗದರಿಸಿದ್ದು ನನಗೆ ನೆನಪಿತ್ತು. ಅವಳಿಗೆ ನೆನಪಿದ್ದದ್ದು ಬೇರೆ. "ನಾನು ಹೇಳೋ ಪ್ರತಿ ಮಾತಿಗೂ ನಿಮ್ಮ ತುಟಿ ಅಲ್ಲಾಡ್ತಿತ್ತು, ಅಪ್ಪಾ. ನನಗಿಂತ ಒಂದು ಪದ ಮುಂದೆ ಇತ್ತು. ಅದನ್ನ ನೋಡ್ತಾ ನೋಡ್ತಾ ನನ್ನ ಮಾತು ಯಾವುದು, ನಿಮ್ಮದು ಯಾವುದು ಅಂತ ಗೊತ್ತಾಗ್ದೆ ನಿಂತುಬಿಟ್ಟೆ."

ಹದಿನೆಂಟು ವರ್ಷ ನಾನು ಅದನ್ನು ಸಹಾಯವೆಂದೇ ತಿಳಿದಿದ್ದೆ. ಆ ದಿನದ ನಂತರ ಅವಳು ಯಾವ ವೇದಿಕೆಯನ್ನೂ ಹತ್ತಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

ಆ ರಾತ್ರಿ ನಿದ್ರೆ ಬರಲಿಲ್ಲ. ಚಳಿಯ ಜೊತೆಗೆ 1982 ನೆನಪಾಯಿತು. ಬಿ.ಎಡ್. ಓದುತ್ತಿದ್ದಾಗ ನಮಗೆ ವಿಮರ್ಶಾ ಪಾಠವೆಂಬ ಒಂದು ಅಗ್ನಿಪರೀಕ್ಷೆ ಇರುತ್ತಿತ್ತು. ಮುಂದೆ ಮಕ್ಕಳು, ಹಿಂದಿನ ಬೆಂಚುಗಳಲ್ಲಿ ಉಪನ್ಯಾಸಕರು ಮತ್ತು ಸಹಪಾಠಿಗಳು, ಎಲ್ಲರ ಕೈಯಲ್ಲೂ ವೀಕ್ಷಣಾ ಪುಸ್ತಕ. ನನ್ನ ಪಾಠ ಹಿಮಾಲಯದ ನದಿಗಳು. ಕಪ್ಪುಹಲಗೆಯ ಮೇಲೆ ನಕ್ಷೆ ಬರೆದೆ. ಉಪನ್ಯಾಸಕರ ಕೆಂಪು ಲೇಖನಿ ಒಮ್ಮೆ ಚಲಿಸಿದ್ದು ಕಂಡಿತು. ಅಷ್ಟೇ, ದೇವಪ್ರಯಾಗದಲ್ಲಿ ಭಾಗೀರಥಿಯನ್ನು ಕೂಡುವ ನದಿಯ ಹೆಸರು ತಲೆಯಿಂದ ಹಾರಿಹೋಯಿತು. ಸೀಮೆಸುಣ್ಣ ಹಿಡಿದು ನಿಂತೆ. ಆಗ ಹಿಂದಿನ ಬೆಂಚಿನಲ್ಲಿದ್ದ ಗೆಳೆಯನೊಬ್ಬ ತನ್ನ ಪುಸ್ತಕವನ್ನು ಮುಚ್ಚಿಟ್ಟು, ಹಣೆಯ ಮೇಲಿನ ಕೂದಲನ್ನು ಒಂದು ಬೆರಳಿನಿಂದ ಸುರುಳಿ ಸುತ್ತಿ ತೋರಿಸಿದ. ಅಲಕ! ಮುಂಗುರುಳು! ಅಲಕನಂದಾ ಎಂದು ಬರೆದು ಉಸಿರುಬಿಟ್ಟೆ. ಮುಂದಿನ ಅವಧಿಯಲ್ಲಿ ಪಾಠ ಮಾಡಬೇಕಾಗಿದ್ದವನು ಅವನೇ. ಅವನೂ ನನ್ನನ್ನು ನೋಡುತ್ತಿದ್ದ, ಉಪನ್ಯಾಸಕರೂ ನೋಡುತ್ತಿದ್ದರು. ಎರಡೂ ನೋಟ ಬಂದದ್ದು ಹಿಂದಿನ ಬೆಂಚಿನಿಂದಲೇ. ಆದರೆ ಗೆಳೆಯ ಇನ್ನೂ ಇಳಿಜಾರನ್ನು ಇಳಿಯಬೇಕಾಗಿದ್ದವನು.

ಮರುದಿನ ಚೇರ್‌ಲಿಫ್ಟ್ ಏರಿದೆವು. ನಂದಾದೇವಿಯನ್ನು ಬಿಟ್ಟು ಬೇರೇನನ್ನೂ ನೋಡಬಾರದೆಂದು ನಿಶ್ಚಯಿಸಿದ್ದೆ. ಅರ್ಧ ದಾರಿಯವರೆಗೆ ನಿಶ್ಚಯ ಉಳಿಯಿತು. ಕೆಳಗೆ ಹಿಮ ಕೆರೆದ ಸದ್ದು, ಹಿಂದಿನ ಕುರ್ಚಿಯಿಂದ ನಗೆ. ನೋಡಿಬಿಟ್ಟೆ. ಕೆಂಪು ಜಾಕೆಟ್ಟಿನ ನನ್ನ ಮಗಳು ಮಗ್ಗುಲಾಗಿ ಬಿದ್ದಿದ್ದಳು. ಒಂದು ಸ್ಕೀ ಕಳಚಿ ನಾಲ್ಕು ಮಾರು ಜಾರಿತ್ತು. ಹಿಂದಿನವರು ಮೊಬೈಲ್ ಹಿಡಿದಿದ್ದರು. ಮುಂದಿನ ಕುರ್ಚಿಯಲ್ಲಿದ್ದ ಸ್ಕೀ ಕಟ್ಟಿದ ತರುಣನೊಬ್ಬ ಬಗ್ಗಿ, ಭಾರ ಮುಂದಕ್ಕೆ ಹಾಕಬೇಕೆಂದು ಹಿಂದಿಯಲ್ಲಿ ಕೂಗಿ ಹೇಳಿದ. ಮಗಳು ಕೈಯ ಕೋಲನ್ನೆತ್ತಿ ಅವನಿಗೆ ವಂದಿಸಿದಳು. ನನ್ನ ಶ್ರೀಮತಿ ನನ್ನ ತೋಳನ್ನು ಬಿಗಿಯಾಗಿ ಹಿಡಿದು, "ರೀ, ಬೆಟ್ಟ ನೋಡಿ" ಎಂದಳು. ನಾನು ಹಲ್ಲು ಕಚ್ಚಿ ಬೆಟ್ಟವನ್ನು ನೋಡಿದೆ.

ಮಧ್ಯಾಹ್ನ ನನಗೇನೋ ಆವೇಶ ಬಂತು. ಔಲಿಯಲ್ಲಿ ಪ್ರವಾಸಿಗಳಿಗೆ ಸ್ವಲ್ಪ ಹೊತ್ತಿಗೆ ಸ್ಕೀ ಬಾಡಿಗೆಗೆ ಕೊಡುವ ಸ್ಥಳೀಯ ಹುಡುಗರಿರುತ್ತಾರೆ. ಅರವತ್ತು ದಾಟಿದ ಮೇಷ್ಟರು ಅಂಥವನೊಬ್ಬನ ಕೈಗೆ ಕಾಲು ಒಪ್ಪಿಸಿದರು. ಆ ಬೂಟು ಕಣಕಾಲನ್ನು ಕಲ್ಲಿನಂತೆ ಬಿಗಿಯುತ್ತದೆ. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟರೆ ವೇಗ ಕಡಿಮೆಯಾಗುತ್ತದೆ. ಮೊಣಕಾಲು ಬಗ್ಗಿಸಿ ಮುಂದಕ್ಕೆ ಬಾಗಬೇಕು. ಭಯಪಟ್ಟು ಹಿಂದಕ್ಕೆ ವಾಲಿದರೆ ಸ್ಕೀ ಕಾಲಡಿಯಿಂದ ಓಡಿಹೋಗುತ್ತದೆ. ಇಷ್ಟೂ ಪಾಠವನ್ನು ಐದು ನಿಮಿಷದಲ್ಲಿ ಹೇಳಿ, ಮಕ್ಕಳ ಜಾರುಬಂಡೆಗಿಂತ ಹೆಚ್ಚಿಲ್ಲದ ಇಳಿಜಾರಿನಲ್ಲಿ ಹುಡುಗ ನನ್ನನ್ನು ಬಿಟ್ಟ.

ಹತ್ತು ಹೆಜ್ಜೆಯಷ್ಟು ಚೆನ್ನಾಗಿಯೇ ಜಾರಿದೆ. ಆಗ ಮೇಲಿನ ಕುರ್ಚಿಯಿಂದ ಯಾರೋ "ಅಂಕಲ್‌ಜೀ, ಶಾಬಾಶ್!" ಎಂದರು. ಯಾರೆಂದು ತಲೆಯೆತ್ತಿದೆ. ತಲೆ ಮೇಲಾದರೆ ಎದೆ ಹಿಂದಾಗುತ್ತದೆ, ಭಾರ ಹಿಮ್ಮಡಿಗೆ ಬರುತ್ತದೆ. ಆಕಾಶ ನೋಡುತ್ತ ಬಿದ್ದೆ. ಸ್ಕೀಯಿಂಗ್‌ನಲ್ಲಿ ನೋಡುವವರ ಕಡೆ ನೋಡಿದರೆ ಬೀಳುತ್ತೇವೆಂಬುದು ನೀತಿಮಾತಲ್ಲ, ಭೌತಶಾಸ್ತ್ರ. ಪಳಗಿದವರು ಬೇಕೆಂದೇ ಕುರ್ಚಿಗಳ ಕೆಳಗಿನ ದಾರಿ ಹಿಡಿದು ಚಮತ್ಕಾರ ತೋರುವುದನ್ನು ಬೆಳಿಗ್ಗೆ ಕಂಡಿದ್ದೆ. ತಪಾಸಣೆಯ ದಿನವೇ ಅತ್ಯುತ್ತಮ ಪಾಠ ಮಾಡುವ ಅಧ್ಯಾಪಕರೂ ಇರುತ್ತಾರಲ್ಲ, ಹಾಗೆ. ಆದರೆ ಕಲಿಯುವವನಿಗೆ ಮೇಲಿನ ಕಣ್ಣು ಕಾಲಿನ ಭಾರವನ್ನೇ ತಪ್ಪಿಸುತ್ತದೆ.

ಎರಡನೆಯ ಸಲ ಹೊರಟಾಗ ಮೇಲೆ ಸಾಗುತ್ತಿದ್ದ ಕುರ್ಚಿಯೊಂದರಲ್ಲಿ ಕೆಂಪು ಜಾಕೆಟ್ ಕಂಡಿತು. ಕಾಲಲ್ಲಿ ಸ್ಕೀ. ಅವಳು ಕೂಗಲಿಲ್ಲ, ಫೋಟೊ ತೆಗೆಯಲಿಲ್ಲ. ಎರಡೂ ಕೈಗಳನ್ನು ತನ್ನ ಮೊಣಕಾಲುಗಳ ಮೇಲಿಟ್ಟು ಒಮ್ಮೆ ಮುಂದಕ್ಕೆ ಬಾಗಿ ತೋರಿಸಿದಳು. ಆಮೇಲೆ ಮುಖ ತಿರುಗಿಸಿ ಬೆಟ್ಟದ ಕಡೆ ನೋಡುತ್ತ ಕುಳಿತಳು. ನಾನು ಬೀಳದೆ ಕೆಳಗೆ ತಲುಪಿದೆ. ದೂರ ಇಪ್ಪತ್ತು ಗಜ ಇದ್ದೀತು. ತಲುಪಿದ ಮೇಲೆ, ಅವಳು ನೋಡಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಬೀಳುವಾಗ ಯಾರೂ ನೋಡಬಾರದು, ನಿಂತಾಗ ನಮ್ಮವರು ನೋಡಬೇಕು. ಕಲಿಯುವವರ ಈ ಸಣ್ಣ ಸ್ವಾರ್ಥವನ್ನು ಮೂವತ್ತಾರು ವರ್ಷ ಪಾಠ ಹೇಳಿದ ನಾನು ಅರವತ್ತೊಂದರಲ್ಲಿ ಅರಿತೆ.

ಸಂಜೆ ಒಪ್ಪಿಕೊಂಡೆ: "ಬೆಳಿಗ್ಗೆ ನೀನು ಬಿದ್ದದ್ದನ್ನು ನೋಡಿಬಿಟ್ಟೆನಮ್ಮ."

"ಗೊತ್ತು ಅಪ್ಪಾ, ಕಂಡಿತು. ತುಟಿ ಅಲ್ಲಾಡಿಸಿದ್ರಾ?"

"ಇಲ್ಲ. ಹಲ್ಲು ಕಚ್ಚಿದ್ದೆ."

ಅವಳು ಬಹಳ ಹೊತ್ತು ನಕ್ಕಳು. ನಾನು ರಾಜ್ಯೋತ್ಸವದ ವಿಷಯವನ್ನು ಎತ್ತಿ, ಅಂದು ಗದರಿಸಿದ್ದು ತಪ್ಪಾಯಿತು ಎಂದೆ. ಅವಳು ಏನೂ ಹೇಳದೆ ಕೋಡುಬಳೆಯ ಡಬ್ಬಿಯನ್ನು ನನ್ನ ಕಡೆ ಸರಿಸಿದಳು.

ಇದೆಲ್ಲ ನಡೆದ ಮೇಲೆ ಆ ಊರು ಬಹಳ ಕಂಡಿತು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟವು. ಹಗ್ಗದ ದಾರಿಯನ್ನೂ ನಿಲ್ಲಿಸಬೇಕಾಯಿತು. 2024ರಲ್ಲಿ ಊರಿಗೆ ಜ್ಯೋತಿರ್ಮಠವೆಂಬ ಹಳೆಯ ಹೆಸರು ಅಧಿಕೃತವಾಗಿ ಮರಳಿತು. ಅದೇ ವರ್ಷ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ನಮ್ಮ ಕೊಡಗಿನ ತೆಕ್ಕಡ ಭವಾನಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಾಗ, ಮಗಳು ನನಗೆ ಆ ಸುದ್ದಿ ಕಳುಹಿಸಿದ್ದಳು. ಹಿಮವೇ ಬೀಳದ ನಾಡಿನ ಹುಡುಗಿ ಹಿಮದ ಮೇಲೆ ನಿಲ್ಲುವುದನ್ನು ಕಲಿಯುವಾಗ ಎಷ್ಟು ಕಣ್ಣುಗಳನ್ನು ಸಹಿಸಿರಬೇಕೆಂದು ಯೋಚಿಸಿದೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರನ್ನು ನಾನು ಎದ್ದುನಿಲ್ಲಿಸಿ ಗಟ್ಟಿಯಾಗಿ ಓದಿಸಿದ್ದೇನೆ. ನೀವು ತಡವರಿಸಿದಾಗ ನನ್ನ ತುಟಿ ಅಲ್ಲಾಡಿರಬೇಕು. ಒಳ್ಳೆಯ ಮನಸ್ಸಿನಿಂದಲೇ ಅಲ್ಲಾಡಿರುತ್ತದೆ. ಆದರೂ ಅದು ಯಾರದಾದರೂ ಮಾತನ್ನು ನಿಲ್ಲಿಸಿದ್ದರೆ ಕ್ಷಮಿಸಿ. ಈಗ ನಿಮ್ಮ ಮಕ್ಕಳು ವೇದಿಕೆಯ ಮೇಲೆ, ಈಜುಕೊಳದಲ್ಲಿ, ಮೈದಾನದಲ್ಲಿ ಕಲಿಯುತ್ತಿರುತ್ತಾರೆ. ನೀವು ಮೇಲಿನ ಮೆಟ್ಟಿಲಲ್ಲಿ ಕುಳಿತಿರುತ್ತೀರಿ. ಒಮ್ಮೆ ನಿಮ್ಮ ತುಟಿಯ ಕಡೆ ಗಮನವಿರಲಿ.

ಎದುರು ಮನೆಯ ಹುಡುಗಿ ಈ ಸಂಜೆಯೂ ಸೈಕಲ್ ತಂದಿದ್ದಾಳೆ. ನಾನು ಬಾಲ್ಕನಿಯ ಬಾಗಿಲಿನ ಒಳಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇಳಿಜಾರಿನಲ್ಲಿ ಚಕ್ರ ಉರುಳುವ ಸದ್ದು ಮೊನ್ನೆಗಿಂತ ಉದ್ದವಾಗಿ ಕೇಳುತ್ತಿದೆ. ಅವಳು ಇನ್ನೂ ನನ್ನನ್ನು ಕರೆದಿಲ್ಲ. ಕರೆದರೆ ಎದ್ದುಹೋಗಿ ನೋಡಬೇಕೆಂದು ಕನ್ನಡಕವನ್ನು ಒರೆಸಿಟ್ಟುಕೊಂಡಿದ್ದೇನೆ.