ನೀರು ಕೇಳದ ಹೂಗಳು

ನಮ್ಮ ಆಲಮೇಲವನ್ನು ಪುಷ್ಪನಗರಿ ಎಂದು ಕರೆಯುವ ರೂಢಿಯಿದೆ. ಇದನ್ನು ಕೇಳಿದ ಹೊರಗಿನವರು ಸಣ್ಣಗೆ ನಗುತ್ತಾರೆ. ವಿಜಯಪುರ ಜಿಲ್ಲೆ ಅಂದಕೂಡಲೇ ಅವರಿಗೆ ನೆನಪಾಗುವುದು ಬಿಸಿಲು, ಕಟಕ ರೊಟ್ಟಿ ಮತ್ತು ಗೋಳಗುಮ್ಮಟ. ಅವರನ್ನು ಅನ್ನುವಂತೆಯೂ ಇಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಆದರೂ ಊರ ಸುತ್ತ ಹೂವಿನ ತೋಟಗಳಿವೆ, ನಸುಕಿನಲ್ಲೇ ಎದ್ದು ಮಾಲೆ ಕಟ್ಟುವ ಹೂಗಾರರ ಮನೆಗಳಿವೆ. ಅವು ಬಾವಿ, ಬೋರಿನ ನೀರುಂಡು ಬೆಳೆದ ಹೂಗಳು. ಪೇಟೆಗೆ ಹೋಗಿ ರೊಕ್ಕವಾಗಿ ಬರುತ್ತವೆ. ನನಗೆ ಅಕ್ಕರೆ ಇರುವುದು ಇನ್ನೊಂದು ಜಾತಿಯ ಮೇಲೆ. ಹಿತ್ತಲ ಮೂಲೆಯಲ್ಲಿ, ಕಂಪೌಂಡಿನ ಬುಡದಲ್ಲಿ, ಯಾರ ಹಂಗೂ ಇಲ್ಲದೆ ವರ್ಷಗಟ್ಟಲೆ ನಿಂತು, ಊರೆಲ್ಲ ಬೂದುಬಣ್ಣಕ್ಕೆ ತಿರುಗಿದಾಗ ಕೆಂಪು, ಹಳದಿ, ನೇರಳೆ ತೋರಿಸುವ ಗಿಡಗಳ ಮೇಲೆ.

ಮೊದಲ ಮರ್ಯಾದೆ ಕಣಗಿಲಕ್ಕೇ ಸಲ್ಲಬೇಕು. ಏಪ್ರಿಲ್ ಮಧ್ಯಾಹ್ನ ನಾಯಿ ಕೂಡ ಚರಂಡಿಯ ನೆರಳು ಹುಡುಕುವಾಗ ಇದು ಗೊಂಚಲು ಗೊಂಚಲು ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿರುತ್ತದೆ. ಒಂದು ಎಲೆ ಕಿತ್ತು ಮಗುಚಿ ನೋಡಿ. ಭೂತಗನ್ನಡಿ ಹಿಡಿದರೆ ಅಡಿಭಾಗದಲ್ಲಿ ಸಣ್ಣ ಸಣ್ಣ ಬಿಳಿಯ ಚುಕ್ಕೆಗಳು ಕಾಣುತ್ತವೆ. ಅವು ಚುಕ್ಕೆಗಳಲ್ಲ, ಕುಳಿಗಳು. ಎಲೆ ಉಸಿರಾಡುವ ರಂಧ್ರಗಳನ್ನು ಈ ಗಿಡ ಆ ಕುಳಿಗಳೊಳಗೆ ಬಚ್ಚಿಟ್ಟು, ಮೇಲೆ ನವಿರಾದ ರೋಮದ ಪರದೆ ಬಿಟ್ಟಿದೆ. ಬಿಸಿಗಾಳಿ ಎಷ್ಟೇ ಬೀಸಲಿ, ಒಳಗಿನ ಪಸೆ ಬೇಗ ಹಾರಿಹೋಗುವುದಿಲ್ಲ. ಮೇಲ್ಭಾಗ ತೊಗಲಿನಂತೆ ದಪ್ಪ. ಮುರಿದರೆ ಬರುವ ಹಾಲು ವಿಷ. ಹಸಿದ ಆಡೂ ಮೂಸಿ ಮುಂದೆ ಹೋಗುತ್ತದೆ. ಇಷ್ಟೆಲ್ಲ ಬಂದೋಬಸ್ತು ಮಾಡಿಕೊಂಡಿರುವುದರಿಂದಲೇ ಹೆದ್ದಾರಿಗಳ ನಡುಪಟ್ಟಿಯಲ್ಲಿ ಲಾರಿಗಳ ಹೊಗೆ ಕುಡಿದೂ ಅದು ನಗುತ್ತದೆ. ಶಿವನ ತಲೆಗೇರುವ ಹೂವಿನ ಗಿಡ ತನ್ನ ಮೈಯಲ್ಲೂ ವಿಷ ಇಟ್ಟುಕೊಂಡಿರುವುದು ನನಗೆ ಸರಿಯಾದ ಜೋಡಿಯೆಂದೇ ಕಾಣುತ್ತದೆ.

ಆದರೆ ಬಿಸಿಲು ತಾಳುವ ಗಿಡ ಎಂದು ಪೇಟೆಯಿಂದ ತಂದ ಎಲ್ಲವೂ ಇಲ್ಲಿ ಬದುಕುತ್ತವೆಂದು ತಿಳಿಯಬೇಡಿ. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಅಡೇನಿಯಂ ತಂದು ನೆಟ್ಟಿದ್ದರು. ಬುಡ ಊದಿಕೊಂಡು ಅದರೊಳಗೇ ನೀರು ಕೂಡಿಟ್ಟುಕೊಳ್ಳುವ, ಆಫ್ರಿಕಾ–ಅರಬಸ್ತಾನದ ಒಣನೆಲದ ಗಿಡ ಅದು. ಬೇಸಿಗೆ ದಾಟಿತು, ಹೂವೂ ಬಿಟ್ಟಿತು. ಉತ್ತರಿ ಮಳೆ ಹಿಡಿದ ಮೇಲೆ ಒಂದು ದಿನ ಬುಡ ಮೆತ್ತಗಾಗಿ ಕುಸಿಯಿತು. ಪತ್ರಿ ಹಾಕಲು ಬರುವ ಹೂಗಾರ ಮುದುಕಿಯ ಮುಂದೆ ಮಾಸ್ತರರು ಅಲವತ್ತುಕೊಂಡರು.

“ಏನ್ ಕಮ್ಮಿ ಮಾಡಿದ್ದೆ ಯವ್ವಾ ಇದಕ್ಕ? ದಿನಾ ಒಂದ್ ತಂಬಿಗಿ ನೀರ್ ಹಾಕ್ತಿದ್ದೆ.”

“ಅದಕ್ಕೇ ಸತ್ತದ ನೋಡ್ರಿ ಮಾಸ್ತರ,” ಅಂದಳು ಮುದುಕಿ, ಬುಟ್ಟಿ ಇಳಿಸದೆಯೇ.

ಈ ಭಾಗದಲ್ಲಿ ಹಿತ್ತಲು ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ನಮ್ಮದು ಎರಿಮಣ್ಣು. ಬೇಸಿಗೆಯಲ್ಲಿ ಮುಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ, ಬಿರುಕೆಲ್ಲ ಮುಚ್ಚಿ, ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಡದೆ ಹಿಡಿದುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಬರೀ ಆ ಪಸೆಯ ಮೇಲೇ ತೆನೆ ಕಟ್ಟುವುದು. ಜೋಳಕ್ಕೆ ಅಮೃತವಾದದ್ದು ಮರುಭೂಮಿಯ ಗಿಡಕ್ಕೆ ಮೃತ್ಯು. ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ ಮಳೆಗಳ ಕಾಲಕ್ಕೆ. ಆಗ ಬೇರಿನ ಸುತ್ತ ನೀರು ನಿಂತು, ಗಾಳಿಯಾಡದೆ ಬೇರು ಕೊಳೆಯುತ್ತದೆ. ಬಿಸಿಲಿಗೆ ಸತ್ತ ಹಿತ್ತಲ ಗಿಡಗಳಿಗಿಂತ ನೀರಿಗೆ ಸತ್ತವೇ ಇಲ್ಲಿ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಮದ್ದು ದೊಡ್ಡದೇನಲ್ಲ: ನೆಲಕ್ಕಿಂತ ಒಂದು ಮೊಳ ಎತ್ತರಕ್ಕೆ ಏರಿಸಿದ ಮಡಿ, ಅದಕ್ಕೆ ಅರ್ಧಕ್ಕರ್ಧ ಗರಸು, ಮುರಿದ ಹಂಚಿನ ಚೂರು, ಒಂದಿಷ್ಟು ಹಳೆಯ ತಿಪ್ಪೆಗೊಬ್ಬರ. ಮನೆ ಕಟ್ಟಿ ಉಳಿದ ಗರಸನ್ನು ಜನ ರಸ್ತೆಯ ತಗ್ಗಿಗೆ ಸುರಿಯುತ್ತಾರಲ್ಲ, ನಾನು ಅದನ್ನು ಬೇಡಿ ತರುತ್ತೇನೆ. ಸಂಕೋಚ ಬಿಟ್ಟವನಿಗೆ ಊರಲ್ಲಿ ಗರಸಿನ ಬರವಿಲ್ಲ.

ಬಾಯಾರಿಸಿದಷ್ಟೂ ಬಣ್ಣ ಕೊಡುವುದು ಕಾಗದದ ಹೂವಿನ ಬಳ್ಳಿ. ನೀರು ಹೆಚ್ಚಿಗೆ ಹಾಕಿದಿರೋ, ಎಲೆಯೇ ಎಲೆ. ನೀರು ನಿಲ್ಲಿಸಿ, ಎಲೆ ಬಾಡುವವರೆಗೆ ಕಾಯಿಸಿ ಬಿಡಿ. ಟೊಂಗೆ ಕಾಣದಂತೆ ಬಣ್ಣ ಮುಚ್ಚಿಕೊಳ್ಳುತ್ತದೆ. ನಾವು ಹೂವೆಂದು ಮೆಚ್ಚುವ ರಾಣಿ ಬಣ್ಣದ ಆ ಮೂರು ಎಸಳು ಹೂವಲ್ಲ, ಬಣ್ಣಕ್ಕೆ ತಿರುಗಿದ ಎಲೆ. ಒಳಗೆ ಇಣುಕಿದರೆ ಕಡ್ಡಿಯಂಥ ಮೂರು ನಳಿಕೆಗಳು, ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಳಿ ನಕ್ಷತ್ರ. ಅದು ನಿಜವಾದ ಹೂವು. 1760ರ ದಶಕದ ಕೊನೆಗೆ ಬ್ರೆಜಿಲ್ ದಂಡೆಯಲ್ಲಿ ಇದನ್ನು ಕಂಡ ಫ್ರೆಂಚ್ ಸಸ್ಯಜ್ಞ ಕಾಮರ್ಸನ್, ತಾನು ಬಂದ ನೌಕಾಯಾನದ ನಾಯಕ ಬೂಗನ್‌ವಿಲ್‌ನ ಹೆಸರು ಇದಕ್ಕೆ ಅಂಟಲು ಕಾರಣನಾದ. ಅವನಿಗೆ ನೆರವಾಗಲು ಗಂಡಸಿನ ವೇಷ ತೊಟ್ಟು ಹಡಗೇರಿದ್ದ ಜೀನ್ ಬಾರೆ ಎಂಬ ಹೆಣ್ಣುಮಗಳ ಹೆಸರು ಮಾತ್ರ ಯಾವ ಬಳ್ಳಿಗೂ ಅಂಟದೆ ಶತಮಾನಗಳು ಕಳೆದವು. ಹಡಗಿನ ನಾಯಕರಿಗೆ ಹೂ ಸುಲಭವಾಗಿ ಸಿಗುತ್ತವೆ.

ಸದಾಪುಷ್ಪಕ್ಕೆ ಮಡಿಯೂ ಬೇಡ. ಮಹಾರಾಷ್ಟ್ರದ ಕಡೆಯಿಂದ ಬಂದ ಸೊಸೆಯಂದಿರು ಸದಾಫುಲಿ ಅನ್ನುತ್ತಾರೆ. ಬಚ್ಚಲ ಗೋಡೆಯ ಸಂದು, ಕಟ್ಟೆಯ ಬಿರುಕು, ಎಲ್ಲಿ ಬೀಜ ಸಿಡಿದು ಬಿತ್ತೋ ಅಲ್ಲಿ ಅದರ ಸಂಸಾರ. ಮೂಲ ಮಡಗಾಸ್ಕರ್. ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುವ ಮನೆಮದ್ದು ಹಲವು ದೇಶಗಳಲ್ಲಿತ್ತು. ಅದನ್ನು ಪರೀಕ್ಷಿಸಹೊರಟ ಕೆನಡಾದ ವಿಜ್ಞಾನಿಗಳಿಗೆ ಸಿಕ್ಕದ್ದು ಬೇರೆಯೇ. 1958ರ ಹೊತ್ತಿಗೆ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಇದೇ ಗಿಡದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಔಷಧ. ಹಾಗೆಂದು ಎಲೆ ತಿನ್ನಲು ಹೋಗಬೇಡಿ, ಅದೂ ವಿಷವೇ. ನೋಡಿ ಸುಮ್ಮನಿರುವುದು ಒಳ್ಳೆಯದು.

ಮಕ್ಕಳ ಮೆಚ್ಚಿನದು ಚಟಪಟಿ. ನೇರಳೆ ತುತ್ತೂರಿಯಂಥ ಹೂ. ಬೆಳಿಗ್ಗೆ ಅರಳಿದ್ದು ಅಂದೇ ಉದುರುತ್ತದೆ. ನೆಲದೊಳಗೆ ಗಡ್ಡೆಯಂಥ ಬೇರಿನ ಗೊಂಚಲಿರುವುದರಿಂದ ಮೇಲೆ ಒಣಗಿದರೂ ಒಳಗೆ ಜೀವ. ಒಣಗಿ ಕಂದಾದ ಕಾಯಿಯ ತುದಿಗೆ ಉಗುಳು ಹಚ್ಚಿ ಅಂಗೈಯಲ್ಲಿಟ್ಟುಕೊಳ್ಳಿ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಟ್ ಎಂದು ಸೀಳಿ, ಬೀಜಗಳು ಮುಖಕ್ಕೆ ಬಡಿಯುತ್ತವೆ. ತೇವ ತಾಗಿದ ಬೀಜ ಲೋಳೆಯಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಮಳೆ ಬಂದದ್ದು ಖಾತ್ರಿಯಾಗುವವರೆಗೆ ಬಿತ್ತನೆ ಮಾಡದ ಜಾಣತನ ಇದು. ಮಗ್ಗುಲಲ್ಲಿರುವ ಸಂಜೆಮಲ್ಲಿಗೆಯದೂ ಹೀಗೇ ಭೂಗತ ಸಂಸಾರ: ಬೇಸಿಗೆಯಲ್ಲಿ ನಾಪತ್ತೆ, ಮಿರಗದ ನಾಲ್ಕು ಹನಿ ಬಿದ್ದರೆ ಹಾಜರು.

ಹೊಲದ ಬದುವಿನ ತಂಗಡಿಯನ್ನು ಯಾರೂ ಹಿತ್ತಲಿಗೆ ತರುವುದಿಲ್ಲ, ಕಾಡುಗಿಡವೆಂಬ ತಾತ್ಸಾರ. ಚಿನ್ನದಂಥ ಹಳದಿ ಗೊಂಚಲು. ತೊಗಟೆ ಹಿಂದೆ ತೊಗಲು ಹದ ಮಾಡಲು ಬೇಕಾಗುತ್ತಿತ್ತು. ನೆರೆಯ ತೆಲಂಗಾಣ ಇದನ್ನೇ ರಾಜ್ಯಪುಷ್ಪ ಮಾಡಿಕೊಂಡಿದೆ, ಬತುಕಮ್ಮ ಹಬ್ಬದಲ್ಲಿ ಒಟ್ಟಿ ಪೂಜಿಸುತ್ತದೆ. ನಾವು ಅದರ ಪಕ್ಕದಲ್ಲೇ ನಡೆದು ನರ್ಸರಿಗೆ ಹೋಗಿ ಹುಲ್ಲುಹಾಸು ಕೇಳುತ್ತೇವೆ! ಆಲಮೇಲದ ಬಿಸಿಲಲ್ಲಿ ಹುಲ್ಲುಹಾಸು ಬೆಳೆಸುವುದು ಶುದ್ಧ ದುಂದು.

ವಿಜಯಪುರದ ಆದಿಲ್‌ಶಾಹಿ ಬಾದಶಹರು ಬಿಸಿಲಿನ ನಾಡಲ್ಲಿ ಬಾಗು ಬೆಳೆಸಿದರು. ತೊರವಿ ಕಡೆಯಿಂದ ನೆಲದೊಳಗೆ ನೀರು ಹರಿಸಿ, ಗಂಜ್ ಎಂಬ ಗೋಪುರ ಕಟ್ಟಿ, ಸಾಲದೆ 1651ರಲ್ಲಿ ಬೇಗಂ ತಲಾಬು ತೋಡಿಸಿದರು. ಅವರಿಗೆ ಆಳಿತ್ತು, ಬೊಕ್ಕಸವಿತ್ತು. ನಳ ಯಾವಾಗ ಬರುತ್ತದೆಂದು ಕೊಡ ಸಾಲಿಟ್ಟು ಕಾಯುವ ನಮ್ಮಂಥವರ ಹಿತ್ತಲಿಗೆ ಪಾತ್ರೆ ತೊಳೆದ ನೀರು ವಾರಕ್ಕೊಮ್ಮೆ ದಕ್ಕಿದರೆ ಅದೇ ಹೆಚ್ಚು, ಮತ್ತು ಈ ಗಿಡಗಳಿಗೆ ಅಷ್ಟೇ ಸಾಕು.

ಕಣಗಿಲದ ಟೊಂಗೆ, ಕಾಗದದ ಹೂವಿನ ಕಡ್ಡಿ ಬೇಕಾದವರು ಮಿರಗ ಹೂಡುವ ಹೊತ್ತಿಗೆ ಯಾರ ಹಿತ್ತಲಿಗಾದರೂ ಹೋಗಿ ಕೇಳಿ. ಇಲ್ಲವೆನ್ನುವವರು ಈ ಊರಲ್ಲಿಲ್ಲ. ತಂಗಡಿಯನ್ನು ಮಾತ್ರ ಕೀಳಲು ಹೋಗಬೇಡಿ, ಬೀಜ ತಂದು ನೇರ ನೆಲಕ್ಕೇ ಊರಿ. ಕಣಗಿಲ ಮುರಿದ ಮೇಲೆ ಕೈ ಚೆನ್ನಾಗಿ ತೊಳೆದುಕೊಂಡೇ ಊಟಕ್ಕೆ ಕೂಡ್ರಿ.